ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬೀದಿಯಲ್ಲಿ ಮುಟ್ಟಾಟ ನಡೆಯುವಾಗ ಯಾರದೋ ಮನೆಯ ನಾಲ್ಕು ವರ್ಷದ ಕೂಸು ಬಂದು ತನ್ನನ್ನೂ ಸೇರಿಸಿಕೊಳ್ಳಿ ಎಂದು ಹಟ ಹಿಡಿದರೆ ದೊಡ್ಡ ಮಕ್ಕಳು ಒಂದು ಉಪಾಯ ಹೂಡುತ್ತಾರೆ. ಕೂಸು ಓಡಬಹುದು, ಕೂಗಬಹುದು, ಯಾರನ್ನು ಬೇಕಾದರೂ ಮುಟ್ಟಬಹುದು. ಆದರೆ ಅದು ಮುಟ್ಟಿದರೆ ಯಾರೂ ಔಟಾಗುವುದಿಲ್ಲ, ಅದನ್ನು ಮುಟ್ಟಿದರೆ ಅದೂ ಔಟಾಗುವುದಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಕೂಸಿಗೆ ಮಾತ್ರ ಈ ಒಪ್ಪಂದ ಗೊತ್ತಿರುವುದಿಲ್ಲ. ಎಲ್ಲರಿಗಿಂತ ಜೀವ ಬಿಟ್ಟು ಓಡುವುದು ಅದೇ.

ಲೀಗ್ ಶುರುವಾಗುವ ಮೊದಲು ಕ್ಲಬ್ಬುಗಳು ತಮ್ಮತಮ್ಮೊಳಗೆ ಆಡಿಕೊಳ್ಳುವ ಅಭ್ಯಾಸ ಪಂದ್ಯಗಳಿಗೆ ಈ ಗಾದೆಗಿಂತ ಒಳ್ಳೆಯ ವ್ಯಾಖ್ಯೆ ನನಗೆ ಸಿಕ್ಕಿಲ್ಲ. ಅವುಗಳಿಗೆ ಅಂಕಪಟ್ಟಿಯಿಲ್ಲ, ಟಿಕೆಟ್ಟಿಲ್ಲ, ಮರುದಿನದ ಪತ್ರಿಕೆಯಲ್ಲಿ ಒಂದು ಸಾಲೂ ಇಲ್ಲ. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂಗೆ ಹಲವು ವರ್ಷಗಳಿಂದ ಎಡತಾಕುವ ನನಗೆ ಫೈನಲ್‌ಗಳಿಗಿಂತ ಇಂಥ ಪಂದ್ಯಗಳ ಮೇಲೆ ಒಲವು ಹೆಚ್ಚು. ಈ ಒಲವಿಗೆ ಕಾರಣ ಹುಡುಕುವುದು ಈ ಬರಹದ ಒಂದು ಉದ್ದೇಶ. ಲೆಕ್ಕಕ್ಕಿಲ್ಲದ ಆಟವೊಂದನ್ನು ಓದುವುದು ಹೇಗೆ, ಅದನ್ನು ಬರೆಯುವುದು ಹೇಗೆ ಎಂದು ಕೇಳುವುದು ಇನ್ನೊಂದು. ಎರಡನೆಯದು ಸಾಹಿತ್ಯದ ಪ್ರಶ್ನೆ. ಹಾಗಾಗಿ ಮೊದಲು ಒಬ್ಬ ಬರಹಗಾರನ ಬಳಿಗೆ ಹೋಗೋಣ.

ಅಮೆರಿಕದ ಬೇಸ್‌ಬಾಲ್ ತಂಡಗಳು ಪ್ರತಿ ವರ್ಷ ಫೆಬ್ರವರಿ, ಮಾರ್ಚ್‌ಗಳಲ್ಲಿ ಚಳಿಯ ಊರುಗಳನ್ನು ಬಿಟ್ಟು ಫ್ಲಾರಿಡಾಕ್ಕೋ ಅರಿಜೋನಾಕ್ಕೋ ಹೋಗಿ ಬೀಡುಬಿಡುತ್ತವೆ. ಅಲ್ಲಿ ಒಂದಷ್ಟು ವಾರ ತಾಲೀಮು, ನಡುನಡುವೆ ಪರಸ್ಪರ ಪಂದ್ಯಗಳು. ಈ ಪಂದ್ಯಗಳ ಸೋಲು ಗೆಲುವು ಮುಂದಿನ ಸೀಸನ್ನಿನ ಯಾವ ಪಟ್ಟಿಗೂ ಸೇರುವುದಿಲ್ಲ. 1962ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯ ಸಂಪಾದಕ ವಿಲಿಯಂ ಶಾನ್ ತನ್ನ ಸಹೋದ್ಯೋಗಿ ರೋಜರ್ ಏಂಜೆಲ್‌ನನ್ನು ಇವುಗಳನ್ನು ನೋಡಿ ಬರೆಯಲು ಫ್ಲಾರಿಡಾಕ್ಕೆ ಕಳಿಸಿದ. ಏಂಜೆಲ್ ಕ್ರೀಡಾ ವರದಿಗಾರನಾಗಿರಲಿಲ್ಲ; ಕತೆಗಳನ್ನು ತಿದ್ದುವ ಸಂಪಾದಕನಾಗಿದ್ದ. ಅಲ್ಲಿಂದ ಅವನು ಬರೆದ ಪ್ರಬಂಧದ ಹೆಸರು 'ದ ಓಲ್ಡ್ ಫೋಕ್ಸ್ ಬಿಹೈಂಡ್ ಹೋಮ್'. ಅಂದರೆ ಬ್ಯಾಟು ಹಿಡಿದವನ ಬೆನ್ನ ಹಿಂದಿನ ಸಾಲುಗಳಲ್ಲಿ ಕೂತ ಮುದುಕರು. 1972ರಲ್ಲಿ ಬಂದ 'ದ ಸಮ್ಮರ್ ಗೇಮ್' ಸಂಕಲನದಲ್ಲಿ ಅದು ಸೇರಿದೆ. 2022ರಲ್ಲಿ, ನೂರೊಂದನೆಯ ವಯಸ್ಸಿನಲ್ಲಿ ಏಂಜೆಲ್ ತೀರಿಕೊಂಡಾಗ ಅಮೆರಿಕದ ಬೇಸ್‌ಬಾಲ್ ಬರಹದ ದೊಡ್ಡ ಹೆಸರು ಅವನದೇ ಆಗಿತ್ತು. ಆ ಹೆಸರು ಶುರುವಾದದ್ದು ಲೆಕ್ಕಕ್ಕಿಲ್ಲದ ಪಂದ್ಯಗಳಿಂದ ಎಂಬುದನ್ನು ಗಮನಿಸಬೇಕು.

ಏಂಜೆಲ್ ಕಂಡುಕೊಂಡದ್ದು ಸರಳವಾದ ಸಂಗತಿ. ಫಲಿತಾಂಶಕ್ಕೆ ಬೆಲೆಯಿಲ್ಲದಾಗ ನೋಡುವವನ ಕಣ್ಣು ಬಿಡುಗಡೆಯಾಗುತ್ತದೆ. ಅದು ಚೆಂಡಿನಿಂದ ಗ್ಯಾಲರಿಗೆ, ಗ್ಯಾಲರಿಯಿಂದ ಆಕಾಶಕ್ಕೆ, ಮತ್ತೆ ಮೂಲೆಯಲ್ಲಿ ಕಾಲು ಚಾಚಿ ಕೂತ ಆಟಗಾರನತ್ತ ಹೋಗಿ ಬರುತ್ತದೆ. ಫ್ಲಾರಿಡಾ ನಿವೃತ್ತರ ನಾಡು. ಬಿಸಿಲು ಕಾಯಿಸುತ್ತ ಕೂತ ಆ ಹಿರಿಯರು ಅವನ ಬರಹದಲ್ಲಿ ಆಟಗಾರರಷ್ಟೇ ಮುಖ್ಯರಾಗುತ್ತಾರೆ. ಅದೇ ವರ್ಷ ಹೊಸದಾಗಿ ಹುಟ್ಟಿದ್ದ ನ್ಯೂಯಾರ್ಕ್ ಮೆಟ್ಸ್ ತಂಡವೂ ಫ್ಲಾರಿಡಾದಲ್ಲೇ ತಾಲೀಮು ನಡೆಸಿತ್ತು. ಮುಂದೆ ಆ ಸೀಸನ್ನಿನಲ್ಲಿ ಅದು 120 ಪಂದ್ಯ ಸೋತು ನಗೆಪಾಟಲಾಯಿತು. ಆದರೆ ಮಾರ್ಚ್ ತಿಂಗಳಿನಲ್ಲಿ ಅದಿನ್ನೂ ಸೋತ ತಂಡವಲ್ಲ, ಬರೀ ಹೊಸ ತಂಡ. ಫಲಿತಾಂಶ ಬಂದ ಮೇಲೆ ನಾವು ಎಲ್ಲವನ್ನೂ ಹಿಂದಿನಿಂದ ಓದುತ್ತೇವೆ. ಸೋತವನ ಒಳ್ಳೆಯ ಪಾಸೂ ಸೋಲಿನ ಮುನ್ಸೂಚನೆಯಂತೆ ಕಾಣುತ್ತದೆ. ಅಭ್ಯಾಸ ಪಂದ್ಯಕ್ಕೆ ಈ ಶಿಕ್ಷೆಯಿಲ್ಲ. ಅದನ್ನು ಮುಂದಕ್ಕಷ್ಟೇ ಓದಬಹುದು.

ನಮ್ಮ ರಂಗಪರಂಪರೆಗೆ ಇದು ಹೊಸ ತಿಳಿವಳಿಕೆಯಲ್ಲ. ಭರತನ ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಪೂರ್ವರಂಗಕ್ಕೇ ಮೀಸಲು. ವಾದ್ಯಗಳನ್ನು ಜೋಡಿಸಿಡುವುದು, ಹಾಡುವವರು ತಮ್ಮ ಜಾಗದಲ್ಲಿ ಕೂರುವುದು, ಶ್ರುತಿ ಮಾಡಿಕೊಳ್ಳುವುದು ಎಲ್ಲಕ್ಕೂ ಅಲ್ಲಿ ಹೆಸರಿದೆ, ಕ್ರಮವಿದೆ. ನಾಟಕ ಇನ್ನೂ ಶುರುವಾಗಿಲ್ಲ, ಆದರೆ ಶಾಸ್ತ್ರ ಶುರುವಾಗಿದೆ. ನಮ್ಮ ಯಕ್ಷಗಾನದಲ್ಲಿ ಪ್ರಸಂಗಕ್ಕೆ ಮೊದಲು ನಡೆಯುವ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷಗಳು ಬರುತ್ತವೆ. ಅವುಗಳನ್ನು ಕಟ್ಟುವವರು ಹೆಚ್ಚಾಗಿ ಕಲಿಯುತ್ತಿರುವ ಹುಡುಗರು. ಕೋಡಂಗಿಯಾಗಿ ಕುಣಿದವನು ಮುಂದೊಂದು ದಿನ ಅರ್ಜುನನಾಗುತ್ತಾನೆ. ಆ ಹೊತ್ತಿಗೆ ಪ್ರೇಕ್ಷಕರಲ್ಲಿ ಅರ್ಧ ಮಂದಿ ಇನ್ನೂ ಕಡಲೆಕಾಯಿ ಕೊಳ್ಳುತ್ತಿರುತ್ತಾರೆ. ಆದರೆ ಬೇಗ ಬಂದು ಕೂತ ಹಳಬರು ಯಾವ ಹುಡುಗನ ಹೆಜ್ಜೆಯಲ್ಲಿ ತೂಕವಿದೆ ಎಂದು ಅಲ್ಲೇ ಗುರುತಿಟ್ಟುಕೊಳ್ಳುತ್ತಾರೆ. ಕಾಲಮಿತಿಯ ಆಟಗಳು ಬಂದ ಮೇಲೆ ಮೊದಲು ಕತ್ತರಿ ಬಿದ್ದದ್ದು ಈ ಪೂರ್ವರಂಗಕ್ಕೆ. ಪ್ರೇಕ್ಷಕನಿಗೆ ಅದರಿಂದ ನಷ್ಟವೇನೂ ಕಾಣಲಿಲ್ಲ. ನಷ್ಟವಾದದ್ದು ಕಲಿಯುವ ಹುಡುಗನಿಗೆ.

ಅಶೋಕನಗರದಲ್ಲಿ ನಾನು ನೋಡಿದ ಒಂದು ಅಭ್ಯಾಸ ಪಂದ್ಯವನ್ನು ಈ ಬೆಳಕಿನಲ್ಲಿ ಓದಬಹುದು. ಎರಡೂ ಕ್ಲಬ್ಬುಗಳು ಸ್ಥಳೀಯವೇ. ತೊಂಬತ್ತು ನಿಮಿಷವನ್ನು ಮೂವತ್ತರ ಮೂರು ಭಾಗ ಮಾಡಿಕೊಂಡಿದ್ದರು. ಸೀಟಿ ಹಿಡಿದವನು ಒಂದು ತಂಡದ ಸಹಾಯಕ ಕೋಚು. ಹೊರಗೆ ಹೋದವರು ಮತ್ತೆ ಒಳಗೆ ಬರಬಹುದಿತ್ತು. ಕೃತಕ ಹುಲ್ಲಿನ ಮೇಲೆ ಮಳೆ ನೀರಿನ್ನೂ ಆರಿರಲಿಲ್ಲ. ಚೆಂಡು ನೆಲಕ್ಕೆ ಬಿದ್ದಾಗಲೆಲ್ಲ ಜಾರಿ ಮುಂದೆ ಓಡುತ್ತಿತ್ತು. ಒಂದು ತಂಡದ ಬಲಬದಿಯಲ್ಲಿ ಜರ್ಸಿಯ ಮೇಲೆ ಕಿತ್ತಳೆ ಬಿಬ್ ತೊಟ್ಟ, ಬೆನ್ನ ಮೇಲೆ ನಂಬರಿಲ್ಲದ ಹುಡುಗನೊಬ್ಬನಿದ್ದ. ಟ್ರಯಲ್‌ಗೆ ಬಂದವನು ಎಂಬುದು ನೋಡಿದೊಡನೆ ತಿಳಿಯುತ್ತಿತ್ತು. ಅಮೆರಿಕದಲ್ಲೂ ಹೀಗೆಯೇ. ತಂಡದಲ್ಲಿ ಇನ್ನೂ ಜಾಗ ಸಿಗದವರಿಗೆ ಮಾರ್ಚ್ ತಿಂಗಳಿನಲ್ಲಿ ಎಂಬತ್ತು ತೊಂಬತ್ತರ ಆಸುಪಾಸಿನ, ಸೀಸನ್ನಿನಲ್ಲಿ ಯಾರೂ ಅಷ್ಟಾಗಿ ತೊಡದ ನಂಬರು ಕೊಡುತ್ತಾರೆ. ಇಲ್ಲಿ ಅದೂ ಇಲ್ಲ.

ಮೊದಲ ಭಾಗದಲ್ಲಿ ಆ ಹುಡುಗ ಪ್ರತಿ ಸಲ ಚೆಂಡು ಕಾಲಿಗೆ ಬಂದಾಗ ಒಂದು ಕ್ಷಣ ಗೆರೆಯಾಚೆ ನಿಂತ ಕೋಚಿನತ್ತ ಕಣ್ಣು ಹಾಯಿಸಿ, ಆಮೇಲೆ ಅತಿ ಹತ್ತಿರದವನಿಗೆ ಪಾಸು ಕೊಡುತ್ತಿದ್ದ. ತಪ್ಪಿಲ್ಲ, ಗುಣವೂ ಇಲ್ಲ. ಎರಡನೆಯ ಭಾಗದಲ್ಲಿ ಒಮ್ಮೆ ಎದುರಾಳಿಯನ್ನು ದಾಟಿ ಹೋಗಲು ನೋಡಿ ಚೆಂಡು ಕಳೆದುಕೊಂಡ. ಮೈದಾನದ ಅರ್ಧದಷ್ಟು ಹಿಂದಕ್ಕೆ ಓಡಿ ಅದೇ ಚೆಂಡನ್ನು ಅದೇ ಆಟಗಾರನಿಂದ ಕಿತ್ತುಕೊಂಡ. ಅದಾದ ಮೇಲೆ ಕೋಚಿನತ್ತ ನೋಡುವುದನ್ನು ಬಿಟ್ಟ. ಕಡೆಯ ಅರ್ಧ ಗಂಟೆ ಅವನು ಬೇರೆಯೇ ಆಟಗಾರ. ಇದು ನಿಜವಾದ ಲೀಗ್ ಪಂದ್ಯವಾಗಿದ್ದರೆ ಈ ಬದಲಾವಣೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಆಚೆ ತುದಿಯಲ್ಲಿ ಗೋಲಾಗಿರುತ್ತಿತ್ತು, ನಾನು ಅತ್ತ ನೋಡುತ್ತಿದ್ದೆ.

ನನ್ನ ಹಿಂದಿನ ಮೆಟ್ಟಿಲಲ್ಲಿ ಇಬ್ಬರು ಹಿರಿಯರು ಕೂತಿದ್ದರು. ಬೆಂಗಳೂರನ್ನು ಒಂದು ಕಾಲಕ್ಕೆ ಪಿಂಚಣಿದಾರರ ಸ್ವರ್ಗ ಎನ್ನುತ್ತಿದ್ದರು. ಹಾಗಾಗಿ ಏಂಜೆಲ್‌ನ ಮುದುಕರನ್ನು ನೆನೆದು ನನಗೆ ನಗು ಬಂತು. "ಫ್ರೆಂಡ್ಲಿ ಮ್ಯಾಚಿಗೂ ಬರ್ತೀರಲ್ಲ ಸಾರ್, ನಿಮ್ಮದು ದೊಡ್ಡ ಪ್ರೀತಿ" ಎಂದೆ. ಅವರಲ್ಲೊಬ್ಬರು, ದೂರವಾಣಿನಗರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ತಮಿಳಿನ ಲಯದ ತಮ್ಮ ಕನ್ನಡದಲ್ಲಿ ತಟ್ಟನೆ ಹೇಳಿದರು: "ಫ್ರೆಂಡ್ಲಿ ನಿಮಗೆ ಸಾರ್. ಆ ಬಿಬ್ ಹಾಕ್ಕೊಂಡಿದಾನಲ್ಲ, ಅವನಿಗೆ ಇವತ್ತೇ ಫೈನಲ್ಲು."

ಏಂಜೆಲ್‌ನ ಪ್ರಬಂಧದ ಮಿತಿ ನನಗೆ ತಿಳಿದದ್ದು ಈ ಮಾತಿನಿಂದ. ಫ್ಲಾರಿಡಾದ ಬಿಸಿಲಿನಲ್ಲಿ ಕೂತು ಆಟ ಲೆಕ್ಕಕ್ಕಿಲ್ಲ ಎಂದು ಸುಖಪಡುವವನು ನೋಡುವವನು. ಗ್ಯಾಲರಿಯ ಬಿಡುವು ಮೈದಾನದವನ ಬಿಡುವಲ್ಲ. ಅಂದಮೇಲೆ ಗಾದೆಯನ್ನೇ ಬಿಡಿಸಿ ನೋಡಬೇಕು. ಲೆಕ್ಕಕ್ಕಿಲ್ಲ ಅಂದರೆ ಯಾರ ಲೆಕ್ಕಕ್ಕೆ?

ಬೆಂಗಳೂರಿನ ಪೂರ್ವಭಾಗದಲ್ಲಿ ಈ ಪ್ರಶ್ನೆಗೆ ಬಹಳ ಸ್ಪಷ್ಟವಾದ ಉತ್ತರವಿತ್ತು. 1809ರಲ್ಲಿ ದಂಡು ಪ್ರದೇಶ ಹುಟ್ಟಿದ ಮೇಲೆ ಅಲ್ಲಿ ಬೆಳೆದ ಆಟಗಳಲ್ಲಿ ಫುಟ್‌ಬಾಲ್ ಬಡವರ ಕೈಗೆ, ಅಲ್ಲ, ಕಾಲಿಗೆ ಸುಲಭವಾಗಿ ಸಿಕ್ಕಿತು. ಗೋರಾ ರೆಜಿಮೆಂಟುಗಳ ಆಟವನ್ನು ಬೇಲಿಯಾಚೆಯಿಂದ ನೋಡಿದ ಹುಡುಗರು ಬರಿಗಾಲಲ್ಲಿ ಅದನ್ನು ಕಲಿತರು. 1937ರಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಮಿಲಿಟರಿ ತಂಡಗಳ ಸ್ವತ್ತಾಗಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸಿನ ಎದುರು 1-2ರಿಂದ ಸೋತಾಗ ನಮ್ಮ ಒಂದೇ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಈ ಊರಿನವರೇ. ಮುಂದೆ ಕಲ್ಕತ್ತದ ಈಸ್ಟ್ ಬೆಂಗಾಲ್ ಅವರನ್ನು ತನ್ನ ಮಗನೆಂದೇ ಸಾಕಿತು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು. ತೊಂಬತ್ತರ ದಶಕದಲ್ಲಿ ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್‌ಮನ್ ಭಾರತ ತಂಡದ ನಾಯಕರಾದರು.

ಈ ಹೆಸರುಗಳ ಹಿಂದೆ ಪಟ್ಟಿಗೆ ಬಾರದ ನೂರಾರು ಮಂದಿ ಇದ್ದಾರೆ. ಅವರಿಗೆ ಆಟ ಕೊಟ್ಟದ್ದು ಪದಕವನ್ನಲ್ಲ, ಸಂಬಳವನ್ನು. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ, 1948ರಲ್ಲಿ ಕೆ.ಆರ್. ಪುರದ ಬಳಿ ಬಂದ ಐಟಿಐ, ಹಲಸೂರಿನ ಎಂಇಜಿ, ಎಎಸ್‌ಸಿ, ರಕ್ಷಣಾ ಸಂಶೋಧನೆಯ ಎಲ್‌ಆರ್‌ಡಿಇ ಇವೆಲ್ಲ ತಂಡ ಕಟ್ಟಿದವು. ಆಟ ಬಲ್ಲ ಹುಡುಗನಿಗೆ ಕೆಲಸ ಸಿಗುತ್ತಿತ್ತು. ಕೆಲಸದ ಜೊತೆ ಕ್ಯಾಂಟೀನಿನ ಊಟ, ಇಎಸ್‌ಐ ಅಥವಾ ಕಂಪನಿಯ ಆಸ್ಪತ್ರೆ, ಕೆಲವರಿಗೆ ಕ್ವಾರ್ಟರ್ಸ್. ಗೌತಮಪುರದ ಒಂದು ಕೋಣೆಯ ಮನೆಯಿಂದ ದೂರವಾಣಿನಗರದ ಕ್ವಾರ್ಟರ್ಸಿಗೆ ಹೋಗುವ ದಾರಿ ಒಂದು ಟ್ರಯಲ್ ಪಂದ್ಯದ ಮೂಲಕ ಹಾಯುತ್ತಿತ್ತು. ಅಂಥ ಪಂದ್ಯದ ಸ್ಕೋರು ಎಲ್ಲೂ ದಾಖಲಾಗುವುದಿಲ್ಲ. ಆದರೆ ಅದರಿಂದ ಒಂದು ಮನೆಯ ಮೂರು ತಲೆಮಾರಿನ ಲೆಕ್ಕ ಬದಲಾಗುತ್ತದೆ. ಕಾರ್ಖಾನೆಗಳು ನೇಮಕ ನಿಲ್ಲಿಸುತ್ತ ಬಂದಂತೆ ಈ ದಾರಿ ಕಿರಿದಾಯಿತು. ಎಚ್‌ಎಎಲ್ ತಂಡ ಐ-ಲೀಗ್‌ನಿಂದ ಇಳಿದದ್ದು 2012ರಲ್ಲಿ. ಬಿಬ್ ತೊಟ್ಟ ಹುಡುಗನ ಕಣ್ಣು ಗೆರೆಯಾಚೆಗೆ ಹೋಗುತ್ತಿದ್ದುದು ಏಕೆಂದು ಆ ಹಿರಿಯರಿಗೆ ಗೊತ್ತಿತ್ತು. ಅವರೂ ಹಾಗೆ ನೋಡಿದವರಿರಬೇಕು.

ಯಾವುದು ಲೆಕ್ಕಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದು ಆಟದ ನಿಯಮದಿಂದಷ್ಟೇ ತೀರ್ಮಾನವಾಗುವುದಿಲ್ಲ. ಇದಕ್ಕೆ 1977ಕ್ಕಿಂತ ಒಳ್ಳೆಯ ಪುರಾವೆ ಬೇಡ. ಆ ವರ್ಷ ಮೊತ್ತಮೊದಲ ಫೆಡರೇಷನ್ ಕಪ್ ಕೇರಳದ ಎರ್ನಾಕುಲಂನಲ್ಲಿ ನಡೆಯಿತು. ಫೈನಲ್ಲಿನಲ್ಲಿ ಮೋಹನ್ ಬಾಗಾನನ್ನು 1-0ಯಿಂದ ಸೋಲಿಸಿ ಕಪ್ ಗೆದ್ದದ್ದು ನಮ್ಮ ಐಟಿಐ. ಟೆಲಿಫೋನ್ ಜೋಡಿಸುವ ಕಾರ್ಖಾನೆಯ ತಂಡ ಕಲ್ಕತ್ತದ ದೈತ್ಯನನ್ನು ಕೆಡವಿತು. ಅದೇ ವರ್ಷ ಸೆಪ್ಟೆಂಬರ್ 24ರಂದು ಅದೇ ಮೋಹನ್ ಬಾಗಾನ್ ಈಡನ್ ಗಾರ್ಡನ್ಸ್‌ನಲ್ಲಿ ನ್ಯೂಯಾರ್ಕಿನ ಕಾಸ್ಮೋಸ್ ತಂಡದೊಡನೆ ಒಂದು ಪ್ರದರ್ಶನ ಪಂದ್ಯ ಆಡಿ 2-2ರ ಸಮ ಮಾಡಿಕೊಂಡಿತು. ಕಾಸ್ಮೋಸ್ ಪರ ಆಡಿದವನು ಪೆಲೆ. ಲೆಕ್ಕಕ್ಕಿದ್ದ ಫೈನಲ್ಲನ್ನು ಇಂದು ಎಷ್ಟು ಮಂದಿ ನೆನೆಯುತ್ತಾರೆ? ಲೆಕ್ಕಕ್ಕಿಲ್ಲದ ಪ್ರದರ್ಶನ ಪಂದ್ಯವನ್ನು ಬಂಗಾಳ ಇನ್ನೂ ಮೆಲುಕು ಹಾಕುತ್ತಿದೆ. ಅದರ ಬಗ್ಗೆ ಬರೆದವರಿಗೆ, ಮಾತಾಡಿದವರಿಗೆ ಕೊರತೆಯಿಲ್ಲ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಜೊತೆ ಪೆಲೆಯ ಪ್ರತಿಮೆಯೂ ಇದೆ. ಈ ಸಾಲು ನನಗೆ ಬಹಳ ಪ್ರಿಯವಾದದ್ದು. ಒಂದು ದಲಿತ, ದುಡಿಯುವ ಕೇರಿ ತನ್ನ ದೇವರುಗಳನ್ನು ತಾನೇ ಆರಿಸಿಕೊಂಡಿದೆ. ಆದರೆ ಆ ಕೇರಿಯ ಸುತ್ತಮುತ್ತಲಿನಿಂದಲೇ ಹೊರಟು ದೇಶಕ್ಕೆ ಆಡಿದವರಿಗೆ ಕಲ್ಲೂ ಇಲ್ಲ, ಕಾವ್ಯವೂ ಇಲ್ಲ.

ಕಾವ್ಯವೂ ಇಲ್ಲ ಎಂಬಲ್ಲಿ ನಮ್ಮ ಕಡೆಗೂ ಬೆರಳು ತಿರುಗುತ್ತದೆ. ನಾನು ಓದಿರುವ ಕನ್ನಡ ಕತೆ ಕಾದಂಬರಿಗಳ ಬೆಂಗಳೂರು ಹೆಚ್ಚಾಗಿ ಪೇಟೆ, ಬಸವನಗುಡಿ, ಮಲ್ಲೇಶ್ವರ, ಇತ್ತೀಚೆಗೆ ಐಟಿ ಕಚೇರಿಗಳ ಬೆಂಗಳೂರು. ದಂಡು ಅಲ್ಲಿ ಬರುವುದು ಬಹುತೇಕ ಸಿನಿಮಾ ನೋಡಲು, ಬಾರಿಗೆ, ಇಂಗ್ಲಿಷಿನ ಎದುರು ಕಂಗಾಲಾಗಲು. ಆ ನೆಲ 1947ರವರೆಗೆ ಬ್ರಿಟಿಷರ ಆಡಳಿತದಲ್ಲಿತ್ತು. 1949ರಲ್ಲಷ್ಟೇ ಎರಡು ಪುರಸಭೆಗಳು ಒಂದಾದವು. ನಕಾಶೆಯಲ್ಲಿ ಕೂಡಿದ ಊರು ಓದಿನಲ್ಲಿ ಇನ್ನೂ ಕೂಡಿಲ್ಲ. ಇದಕ್ಕೆ ಭಾಷೆಯ ನೆಪ ಹೇಳುವುದುಂಟು. ಶಿವಾಜಿನಗರದ ಆಟಗಾರ ದಖ್ಖನಿ ಮಾತಾಡುತ್ತಾನೆ, ಮರ್ಫಿ ಟೌನಿನವನು ತಮಿಳು, ಇನ್ನೊಬ್ಬನು ತೆಲುಗು; ಇವರು ಕನ್ನಡದ ಅನುಭವ ಹೇಗಾಗುತ್ತಾರೆ ಎಂದು. ಆದರೆ ಮೈಸೂರು ರಾಜ್ಯಕ್ಕೆ 1946, 1952, 1967, 1968ರಲ್ಲಿ ಸಂತೋಷ್ ಟ್ರೋಫಿ ತಂದವರನ್ನು ಅವರ ಮನೆಮಾತು ಯಾವುದೆಂದು ಯಾರೂ ಕೇಳಲಿಲ್ಲ. ಕಪ್ ಎತ್ತುವಾಗ ಅವರು ನಮ್ಮವರು. ಕತೆ ಬರೆಯುವಾಗ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಶೋಕನಗರದ ಗೆರೆಯ ಬಳಿ ನಿಂತು ಕೋಚು ಕೂಗುವುದನ್ನು ಕೇಳಿದರೆ ಒಂದೇ ವಾಕ್ಯದಲ್ಲಿ ನಾಲ್ಕು ಭಾಷೆ ಇರುತ್ತವೆ, ಹನ್ನೊಂದು ಮಂದಿಗೂ ಅರ್ಥವಾಗುತ್ತದೆ. ಆ ವಾಕ್ಯವನ್ನು ಬರೆಯಲು ಕನ್ನಡ ಗದ್ಯಕ್ಕೆ ಆಗದೆಂದು ನಾನು ನಂಬುವುದಿಲ್ಲ. ಕರಾವಳಿಯ, ಮಲೆನಾಡಿನ, ಉತ್ತರದ ಎಷ್ಟೋ ನುಡಿಗಳನ್ನು ಅರಗಿಸಿಕೊಂಡ ಗದ್ಯ ಇದು.

ಕ್ರೀಡೆಯ ಬಗ್ಗೆ ನಾವು ಬರೆಯುವುದೇ ಇಲ್ಲ ಎಂದೂ ಅಲ್ಲ. ಬರೆಯುತ್ತೇವೆ, ಗೆದ್ದ ಮೇಲೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಸೀಸನ್ನಿನ ತವರು ಪಂದ್ಯಗಳನ್ನು ಆಡಿದ್ದು ಇದೇ ಅಶೋಕನಗರದಲ್ಲಿ. ಆ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಾಗ ಎಲ್ಲರೂ ಬರೆದರು. 1888ರಿಂದ ನಡೆದುಬಂದ ಡ್ಯುರಾಂಡ್ ಕಪ್ಪನ್ನು ಈಚಿನ ವರ್ಷಗಳಲ್ಲಿ ದೊಡ್ಡ ಕ್ಲಬ್ಬುಗಳು ಲೀಗಿಗೆ ಮುಂಚಿನ ತಾಲೀಮಿನಂತೆ ಕಾಣುತ್ತವೆ. 2022ರಲ್ಲಿ ಬೆಂಗಳೂರು ಅದನ್ನು ಗೆದ್ದಾಗ ಅದು ತಟ್ಟನೆ ಐತಿಹಾಸಿಕ ಟ್ರೋಫಿಯಾಯಿತು. ಸೋತರೆ ತಾಲೀಮು, ಗೆದ್ದರೆ ಚರಿತ್ರೆ. ಫಲಿತಾಂಶವನ್ನು ಕಾದು ಕೂತು ಬೆಲೆ ಕಟ್ಟುವ ಈ ಚಟ ಸಾಹಿತ್ಯ ವಿಮರ್ಶೆಗೂ ಹೊಸದಲ್ಲ. ಪ್ರಶಸ್ತಿ ಬಂದ ಮೇಲೆ ಪುಸ್ತಕವನ್ನು ಹುಡುಕಿಕೊಂಡು ಹೋಗುತ್ತೇವೆ. ಮೊದಲ ಸಂಕಲನದ ಹುಡುಗಿ ಅಂಜುತ್ತ ಹೇಳಿದ ಒಂದು ಸಾಲನ್ನು, ಆಮೇಲೆ ಅಂಜಿಕೆ ಬಿಟ್ಟು ಹೇಳಿದ ಇನ್ನೊಂದು ಸಾಲನ್ನು, ಆ ಎರಡರ ನಡುವೆ ಏನಾಯಿತು ಎಂಬುದನ್ನು ಗುರುತಿಸುವ ತಾಳ್ಮೆ ಎಷ್ಟು ಜನರಿಗಿದೆ?

ಆದ್ದರಿಂದ ಏಂಜೆಲ್‌ನಿಂದ ನಾವು ಕಲಿಯಬೇಕಾದದ್ದು ಅರ್ಧ. ಫಲಿತಾಂಶದ ಹಂಗು ತೊರೆದ ಅವನ ಕಣ್ಣು ಬೇಕು. ಆ ಕಣ್ಣಿನ ಆರಾಮ ಬೇಡ. ಅವನ ಆರಾಮಕ್ಕೆ ಹಿನ್ನೆಲೆಯಾಗಿ ಗಟ್ಟಿ ದಾಖಲೆಗಳ ಒಂದು ಲೋಕವೇ ಇತ್ತು. ಅಮೆರಿಕದಲ್ಲಿ ಒಬ್ಬ ಸಾಧಾರಣ ಬೇಸ್‌ಬಾಲ್ ಆಟಗಾರ ಎಪ್ಪತ್ತು ವರ್ಷದ ಹಿಂದೆ ಯಾವ ದಿನ ಏನು ಮಾಡಿದನೆಂದು ಇಂದಿಗೂ ತೆಗೆದು ನೋಡಬಹುದು. ಎಲ್ಲವೂ ಲೆಕ್ಕದಲ್ಲಿರುವ ಊರಿನಲ್ಲಿ ಲೆಕ್ಕಕ್ಕಿಲ್ಲದ್ದನ್ನು ಸವಿಯುವುದು ಚೆಂದ. ನಮ್ಮಲ್ಲಿ ಗೆದ್ದ ಫೈನಲ್ಲುಗಳೇ ಮುದುಕರ ಬಾಯಲ್ಲಿ ಉಳಿದಿವೆ. ಆ ಮುದುಕರೂ ಒಬ್ಬೊಬ್ಬರಾಗಿ ಗ್ಯಾಲರಿಯಿಂದ ಎದ್ದು ಹೋಗುತ್ತಿದ್ದಾರೆ. ದೊಡ್ಡ ಕ್ಲಬ್ಬುಗಳ ಅಭ್ಯಾಸ ಪಂದ್ಯಗಳು ಈಗ ಬಾಗಿಲು ಹಾಕಿಕೊಂಡು ನಡೆಯುವುದೇ ಹೆಚ್ಚು. ಪೂರ್ವರಂಗ ನೋಡಲು ಬೇಗ ಬಂದವರನ್ನು ಗೇಟಿನಲ್ಲೇ ತಡೆದಂತೆ.

ಮಾಡಬಹುದಾದ ಕೆಲಸ ದೊಡ್ಡದಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ಒಂದು ನೋಟ್‌ಬುಕ್ಕು, ಒಂದು ಫೋನು ಹಿಡಿದು ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್, ದೂರವಾಣಿನಗರಗಳಿಗೆ ಹೋಗಿ, ಅಲ್ಲಿನ ಹಿರಿಯರನ್ನು ಅವರು ಗೆದ್ದ ಕಪ್ಪುಗಳ ಬಗ್ಗೆ ಕೇಳದೆ, ಅವರ ಮೊದಲ ಟ್ರಯಲ್ ಬಗ್ಗೆ ಕೇಳಬೇಕು. ಯಾರ ಬೂಟು ಎರವಲು ತಂದಿದ್ದಿರಿ, ಬಸ್ಸಿಗೆ ಕಾಸು ಯಾರು ಕೊಟ್ಟರು, ಗೆರೆಯಾಚೆ ನಿಂತವನು ಯಾವಾಗ ತಲೆಯಾಡಿಸಿದ ಎಂದು ಕೇಳಬೇಕು. ಅವರು ಹೇಳುವುದನ್ನು ಅವರು ಹೇಳುವ ಭಾಷೆಯಲ್ಲೇ ಬರೆದುಕೊಂಡು, ಆಮೇಲೆ ಕನ್ನಡಕ್ಕೆ ತರುವ ಕಷ್ಟ ಪಡಬೇಕು. ಅಂಥ ಹತ್ತು ಕತೆಗಳು ಬಂದರೆ ನಮ್ಮ ಬೆಂಗಳೂರಿನ ಸಾಹಿತ್ಯಕ್ಕೆ ಒಂದು ದಿಕ್ಕು ಹೆಚ್ಚಾಗುತ್ತದೆ. ಬಿಬ್ ತೊಟ್ಟ ಆ ಹುಡುಗನನ್ನು ಕ್ಲಬ್ ತೆಗೆದುಕೊಂಡಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಲೀಗಿನ ಪಟ್ಟಿಯಲ್ಲಿ ಹುಡುಕೋಣವೆಂದರೆ ಅವನ ಹೆಸರನ್ನು ಯಾರೂ ಕೂಗಿರಲಿಲ್ಲ. ಮೂರು ಭಾಗಗಳುದ್ದಕ್ಕೂ ಅವನನ್ನು ಕರೆದದ್ದು 'ರೈಟು, ರೈಟು' ಎಂದೇ.